ಬಹುಮಾನ ಸಾಕು, ಗೋಡೆ ಕೊಡಿ

ದಾವಣಗೆರೆಯಲ್ಲಿ ಚಿತ್ರಕಲಾ ಸ್ಪರ್ಧೆಗಳಿಗೆ ಬರ ಇಲ್ಲ. ಮಕ್ಕಳ ದಿನಾಚರಣೆಗೊಂದು, ಪರಿಸರ ದಿನಕ್ಕೊಂದು, ಗಣಪತಿ ಹಬ್ಬಕ್ಕೊಂದು, ರಾಜ್ಯೋತ್ಸವಕ್ಕೊಂದು. ಜಮಖಾನ ಹಾಸುತ್ತಾರೆ, ಮಕ್ಕಳನ್ನು ಸಾಲಾಗಿ ಕೂರಿಸುತ್ತಾರೆ, ಎರಡು ಗಂಟೆ ಟೈಮು ಕೊಡುತ್ತಾರೆ. ಸಂಜೆಗೆ ಮೂರು ಜನಕ್ಕೆ ಕಪ್ಪು, ಉಳಿದವರಿಗೆ ಸರ್ಟಿಫಿಕೇಟು. ಗಣ್ಯರ ಭಾಷಣ, ಫೋಟೋ, ಬಿಸ್ಕತ್ತು, ಟೀ. ಮಾರನೇ ದಿನ ಪೇಪರಿನಲ್ಲಿ ಸುದ್ದಿ.

ಅಷ್ಟಾದ ಮೇಲೆ ಆ ಚಿತ್ರಗಳು ಎಲ್ಲಿ ಹೋದವು ಎಂದು ಕೇಳಿ ನೋಡಿ. ಉತ್ತರ ಸಿಗುವುದಿಲ್ಲ. ಕಟ್ಟು ಕಟ್ಟಿ ಯಾವುದೋ ಬೀರುವಿನ ಮೇಲೆ ಇಟ್ಟಿರುತ್ತಾರೆ. ಮುಂದಿನ ವರ್ಷ ಸುಣ್ಣ ಬಳಿಯುವಾಗ ರದ್ದಿಗೆ ಹೋಗುತ್ತವೆ. ಗೆದ್ದವನ ಚಿತ್ರವನ್ನೂ ಊರು ನೋಡಿಲ್ಲ, ಸೋತವನದ್ದನ್ನೂ ನೋಡಿಲ್ಲ. ಫೋಟೋದಲ್ಲಿ ಕಾಣಿಸಿದ್ದು ಕಪ್ಪು, ಶಾಲು ಮತ್ತು ಗಣ್ಯರು ಮಾತ್ರ.

ಎಳೆಯರ ಕಲೆಗೆ ಪ್ರೋತ್ಸಾಹ ಎಂಬ ಮಾತಿನ ಗುಟ್ಟು ಇಲ್ಲಿದೆ. ಪ್ರೋತ್ಸಾಹ ಎಂದರೆ ಬಹುಮಾನ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ಚಿತ್ರ ಬರೆಯುವ ಹುಡುಗನಿಗೆ, ಹುಡುಗಿಗೆ ನಿಜವಾಗಿ ಬೇಕಾದದ್ದು ಎರಡು. ಒಂದು, ಹತ್ತು ಜನ ನಿಂತು ನೋಡುವ ಗೋಡೆ. ಇನ್ನೊಂದು, ಜೇಬಿಗೆ ಕೈ ಹಾಕಿ “ಇದು ನನಗೆ ಬೇಕು, ಎಷ್ಟು?” ಎಂದು ಕೇಳುವ ಒಬ್ಬ ಮನುಷ್ಯ. ಇವೆರಡೂ ಸಿಗುವುದು ಸ್ಪರ್ಧೆಯಲ್ಲಲ್ಲ, ಪ್ರದರ್ಶನದಲ್ಲಿ.

ಅರವತ್ತು ವರ್ಷದ ಬೇರು

ಕಲೆಯ ವಿಷಯದಲ್ಲಿ ಈ ಊರು ಬರಡು ಎಂದು ಯಾರೂ ಹೇಳುವಂತಿಲ್ಲ. 1964ರಲ್ಲೇ ಇಲ್ಲಿ ಚಿತ್ರಕಲಾ ಶಾಲೆ ಶುರುವಾಯಿತು. ಅದೇ ಈಗ ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ. ಬೆಂಗಳೂರು, ಮೈಸೂರು ಬಿಟ್ಟರೆ ಇಂಥ ಕಾಲೇಜು ಇರುವ ಊರುಗಳು ರಾಜ್ಯದಲ್ಲಿ ಬೆರಳೆಣಿಕೆಯಷ್ಟು. ಬೆಣ್ಣೆ ದೋಸೆಗೆ ಹೆಸರಾದ ಊರು ಕುಂಚಕ್ಕೂ ಹೆಸರಾಗಬಹುದಿತ್ತು.

ಕಾಲೇಜಿಗಿಂತ ಹಳೆಯದು ಪೇಟೆಯ ನಂಟು. ಕಂಪನಿ ನಾಟಕಗಳ ಕಾಲದಲ್ಲಿ ಪರದೆ ಬರೆಯುವವರಿಗೆ ಕೈತುಂಬ ಕೆಲಸ. ಅರಮನೆ ಪರದೆ, ಕಾಡಿನ ಪರದೆ, ಬೀದಿ ಪರದೆ ಎಂದು ಒಂದೊಂದು ಕಂಪನಿಗೂ ಗಾಡಿಗಟ್ಟಲೆ ಪರದೆ ಬೇಕಾಗುತ್ತಿತ್ತು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯ ಹೆಮ್ಮೆ. ಆ ಪರದೆ ಎದುರು ಟಿಕೀಟು ಕೊಟ್ಟು ಕೂತವರೆಲ್ಲ ತಮಗೆ ಗೊತ್ತಿಲ್ಲದಂತೆ ಚಿತ್ರ ನೋಡುತ್ತಿದ್ದರು.

ಅಂಗಡಿ ಬೋರ್ಡಿನ ಕತೆಯೂ ಅದೇ. ಪ್ರತಿ ಪೇಟೆಯಲ್ಲೂ ಒಬ್ಬ ಬೋರ್ಡು ಬರೆಯುವ ಪೇಂಟರ್, ಅವನ ಕೈಕೆಳಗೆ ಇಬ್ಬರು ಹುಡುಗರು. ಮೊದಲ ವರ್ಷ ಬ್ರಶ್ಶು ತೊಳೆಯುವುದು, ಎರಡನೇ ವರ್ಷ ಹಿನ್ನೆಲೆ ಬಳಿಯುವುದು, ಮೂರನೇ ವರ್ಷ ಅಕ್ಷರ. ಕೈ ಕುದುರಿದವನು ಸೀರೆ ಅಂಗಡಿಗೆ ಹೆಣ್ಣಿನ ಚಿತ್ರ, ಸಲೂನಿಗೆ ಮೀಸೆ ಗಂಡಿನ ಚಿತ್ರ ಬರೆಯುತ್ತಿದ್ದ. ಅದು ಫೀಸಿಲ್ಲದ ಆರ್ಟ್ ಸ್ಕೂಲು.

ಇದನ್ನು ಸಣ್ಣ ಕೆಲಸ ಎಂದು ಮೂಗು ಮುರಿಯುವವರು ಒಂದು ಮಾತು ತಿಳಿಯಬೇಕು. ಕಲಬುರಗಿಯ ಎಸ್.ಎಂ. ಪಂಡಿತ್ (1916-1993) ಮುಂಬಯಿಯಲ್ಲಿ ಅನ್ನ ಸಂಪಾದಿಸಿದ್ದು ಸಿನಿಮಾ ಪ್ರಚಾರ ಚಿತ್ರ ಮತ್ತು ಕ್ಯಾಲೆಂಡರು ಬರೆದು. ಅವರ ದೇವರ ಚಿತ್ರಗಳು ಕ್ಯಾಲೆಂಡರಾಗಿ ದೇಶದ ಮನೆಮನೆಯ ಗೋಡೆ ಏರಿದವು. ಎಂ.ಎಫ್. ಹುಸೇನ್ ಕೂಡ ಮೊದಲು ಹತ್ತಿದ್ದು ಮುಂಬಯಿಯ ಸಿನಿಮಾ ಹೋರ್ಡಿಂಗಿನ ಏಣಿ. ಪೇಟೆಯ ಅನ್ನ ತಿಂದ ಮಾತ್ರಕ್ಕೆ ಕಲೆ ಕೆಟ್ಟುಹೋಗಲಿಲ್ಲ.

ಫ್ಲೆಕ್ಸ್ ಬಂತು, ಏಣಿ ಹೋಯಿತು

ಆಮೇಲೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ರೆಡಿ. ಅಂಗಡಿಯವನನ್ನು ದೂರಿ ಫಲವಿಲ್ಲ. ದುಡ್ಡು ಕಡಿಮೆ, ಕೆಲಸ ಬೇಗ. ನೋಡನೋಡುತ್ತ ಬೋರ್ಡು, ಬ್ಯಾನರು, ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ ಎಲ್ಲವೂ ಫ್ಲೆಕ್ಸ್ ಆದವು. ಪೇಂಟರನ ಏಣಿ ಮೂಲೆ ಸೇರಿತು, ಅವನ ಜತೆಗಿದ್ದ ಹುಡುಗರು ಬೇರೆ ದಾರಿ ಹಿಡಿದರು.

2016ರಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಫ್ಲೆಕ್ಸ್ ಕೂಡ ಇತ್ತು. 2018ರಲ್ಲಿ ಹೈಕೋರ್ಟು ಚಾಟಿ ಬೀಸಿದ ಮೇಲೆ ಬೆಂಗಳೂರಿನಲ್ಲಿ ರಾತ್ರೋರಾತ್ರಿ ಸಾವಿರಾರು ಫ್ಲೆಕ್ಸ್ ಇಳಿದವು. ಇನ್ನು ಕೈಬರಹದವರಿಗೆ ಕಾಲ ಬಂತು ಎಂದು ಅಂದುಕೊಂಡವರಿದ್ದರು. ಬರಲಿಲ್ಲ. ಕಾನೂನು ಫ್ಲೆಕ್ಸನ್ನು ಬೇಡ ಅಂದಿತೇ ಹೊರತು ಆ ಜಾಗಕ್ಕೆ ಯಾರನ್ನು ಕರೆಯಬೇಕು ಎಂದು ಯಾರೂ ಯೋಚಿಸಲಿಲ್ಲ. ಕೆಲದಿನ ಬಿಟ್ಟು ಮತ್ತೆ ಅದೇ ಫ್ಲೆಕ್ಸ್, ಅದೇ ಮುಖಗಳು.

ಈಗ ಇನ್ನೂ ಹೊಸದೊಂದು ಬಂದಿದೆ. ಮೊಬೈಲಿನಲ್ಲಿ ನಾಲ್ಕು ಮಾತು ಹೇಳಿದರೆ ಯಂತ್ರವೇ ಚಿತ್ರ ಬರೆದು ಕೊಡುತ್ತದೆ. ದೀಪಾವಳಿ ಶುಭಾಶಯಕ್ಕೆ, ಅಂಗಡಿ ಓಪನಿಂಗಿಗೆ ಅದೇ ಸಾಕು ಎನ್ನುವವರು ಹೆಚ್ಚಾಗಿದ್ದಾರೆ. ನಾಲ್ಕು ವರ್ಷ ಪದವಿ ಓದಿ ಬಂದ ಹುಡುಗಿ ಏನು ಮಾಡಬೇಕು? ಬೆಂಗಳೂರು ಬಸ್ಸು ಹತ್ತಬೇಕು, ಇಲ್ಲ ಕುಂಚ ಕೆಳಗಿಟ್ಟು ಯಾವುದಾದರೂ ಶೋರೂಮಿನ ಕೌಂಟರಿನಲ್ಲಿ ನಿಲ್ಲಬೇಕು. ಇದು ಬರೀ ಕಲೆಯ ಮಾತಲ್ಲ, ಊರಿನ ಮಕ್ಕಳ ಹೊಟ್ಟೆಪಾಡಿನ ಮಾತು.

ಕುಮಾರಕೃಪಾ ರಸ್ತೆಯ ಪಾಠ

ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನವರು ಚಿತ್ರಸಂತೆ ಶುರು ಮಾಡಿ ಇಪ್ಪತ್ತು ವರ್ಷ ಮೀರಿತು. ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ ಎರಡೂ ಬದಿಗೆ ಚಿತ್ರ ಜೋಡಿಸುತ್ತಾರೆ. ಸಾವಿರಕ್ಕೂ ಹೆಚ್ಚು ಕಲಾವಿದರು, ಲಕ್ಷಗಟ್ಟಲೆ ಜನ. ಟಿಕೀಟು ಇಲ್ಲ. ನೂರು ರೂಪಾಯಿ ಚಿತ್ರವೂ ಇರುತ್ತದೆ, ಲಕ್ಷ ರೂಪಾಯಿಯದೂ ಇರುತ್ತದೆ. ಮನೆಗೊಂದು ಕಲಾಕೃತಿ ಎಂಬುದು ಅವರ ಘೋಷಣೆ.

ಚಿತ್ರಸಂತೆ ಗೆದ್ದದ್ದು ಯಾಕೆ ಎಂಬುದನ್ನು ವ್ಯಾಪಾರಸ್ಥರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಮೊದಲನೆಯದು ಜಾಗ. ಗ್ಯಾಲರಿ ಬಾಗಿಲು ತಳ್ಳಿಕೊಂಡು ಒಳಗೆ ಹೋಗಲು ಸಾಮಾನ್ಯ ಮನುಷ್ಯನಿಗೆ ಅಳುಕು. ಬಟ್ಟೆ ನೋಡುತ್ತಾರೇನೋ, ಇಂಗ್ಲಿಷಿನಲ್ಲಿ ಕೇಳುತ್ತಾರೇನೋ ಎಂಬ ಹಿಂಜರಿಕೆ. ಬೀದಿಯಲ್ಲಿ ಆ ಭಯ ಇಲ್ಲ. ಎರಡನೆಯದು ದರ. ಕಡಿಮೆ ಬೆಲೆಯದು ಇರುವುದರಿಂದ ಚೌಕಾಶಿ ಮಾಡಿಯಾದರೂ ಒಂದು ಚಿತ್ರ ಕೊಂಡು ಹೋಗಬಹುದು. ಮೂರನೆಯದು ಬರೆದವರೇ ಎದುರಿಗೆ ನಿಂತಿರುವುದು. “ಇದು ನೀನೇ ಬರೆದಿದ್ದಾ ಮರಿ?” ಎಂದು ಕೇಳಿದ ಮೇಲೆ ಬರಿಗೈಲಿ ಹೋಗಲು ಮನಸ್ಸು ಒಪ್ಪುವುದಿಲ್ಲ. ನಾಲ್ಕನೆಯದು ನಿಯತ್ತು. ವರ್ಷವರ್ಷ ಅದೇ ಕಾಲಕ್ಕೆ ಬರುತ್ತದೆ ಎಂದು ಗೊತ್ತಿರುವುದರಿಂದ ಕಲಾವಿದರೂ ವರ್ಷವಿಡೀ ತಯಾರಿ ಮಾಡುತ್ತಾರೆ, ಗಿರಾಕಿಗಳೂ ದುಡ್ಡು ಎತ್ತಿಟ್ಟಿರುತ್ತಾರೆ. 2021ರಲ್ಲಿ ಕೊರೋನಾದಿಂದ ಚಿತ್ರಸಂತೆ ಬೀದಿ ಬಿಟ್ಟು ಅಂತರ್ಜಾಲಕ್ಕೆ ಹೋಗಬೇಕಾಯಿತು. ಮರುವರ್ಷ ಮತ್ತೆ ಬೀದಿಗೇ ಬಂತು. ಸಂತೆ ಎಂದರೆ ಬೀದಿಯಲ್ಲೇ ಆಗಬೇಕು.

ಇನ್ನೊಂದು ಮುಖವೂ ಇದೆ. ದಾವಣಗೆರೆಯ ಹುಡುಗ ಅಲ್ಲಿಗೆ ಚಿತ್ರ ಒಯ್ಯಬೇಕಾದರೆ ಫ್ರೇಮು, ಬಸ್ ಚಾರ್ಜು, ಊಟ, ರಾತ್ರಿ ತಂಗುವುದು ಎಲ್ಲ ಸೇರುತ್ತದೆ. ಒಂದೆರಡು ಚಿತ್ರ ಹೋದರೆ ಖರ್ಚು ಹುಟ್ಟಬಹುದು. ಹೋಗದಿದ್ದರೆ ಹೊತ್ತುಕೊಂಡು ವಾಪಸ್ ಬರಬೇಕು. ಹೈಸ್ಕೂಲು ಹುಡುಗಿಯರಿಗಂತೂ ಆ ಮಾತೇ ದೂರ. ಅದಕ್ಕೇ ಊರಿನ ಸಂತೆ ಊರಲ್ಲೇ ಆಗಬೇಕು.

ಕಾಲೇಜಿನ ಒಳಗೆ ನಡೆಯುವ ವಾರ್ಷಿಕ ಪ್ರದರ್ಶನ ಸಾಲದೇ ಎನ್ನಬಹುದು. ಸಾಲದು. ಅಲ್ಲಿಗೆ ಹೋಗುವವರು ಮೇಷ್ಟ್ರು, ವಿದ್ಯಾರ್ಥಿಗಳು, ಅವರ ತಂದೆ ತಾಯಿ. ಮಂಡಿಪೇಟೆಯ ವರ್ತಕ, ಚೌಕಿಪೇಟೆಯ ಗಿರಾಕಿ, ಹರಿಹರದಿಂದ ದಿನಾ ಓಡಾಡುವ ಗುಮಾಸ್ತ ಅಲ್ಲಿಗೆ ಹೋಗುವುದಿಲ್ಲ. ಅವರಿರುವ ಕಡೆಗೆ ಚಿತ್ರವೇ ಬರಬೇಕು.

ಬಸ್‌ಸ್ಟಾಂಡೇ ದೊಡ್ಡ ಗ್ಯಾಲರಿ

ಒಂದು ಊರಿನಲ್ಲಿ ಅತಿ ಹೆಚ್ಚು ಜನ ಬೇರೆ ಕೆಲಸ ಇಲ್ಲದೆ ನಿಲ್ಲುವ ಜಾಗ ಯಾವುದು? ಬಸ್ ನಿಲ್ದಾಣ. ಹೊನ್ನಾಳಿ ಬಸ್ಸು ಬರುವ ತನಕ, ಜಗಳೂರು ಬಸ್ಸು ಹೊರಡುವ ತನಕ, ಚನ್ನಗಿರಿ ಬಸ್ಸಿಗೆ ಸೀಟು ಸಿಗುವ ತನಕ ಜನ ಏನು ನೋಡುತ್ತಾರೆ? ಜಾಹೀರಾತು, ಎಲೆ ಅಡಿಕೆ ಉಗಿದ ಮೂಲೆ, ಇಲ್ಲ ಕೈಲಿರುವ ಮೊಬೈಲು. ಅಲ್ಲಿ ಒಂದು ಗೋಡೆಯಲ್ಲಿ ತಿಂಗಳಿಗೊಮ್ಮೆ ಬದಲಾಗುವ ಇಪ್ಪತ್ತು ಚಿತ್ರ ಇದ್ದರೆ ಯಾರ ಗಂಟು ಹೋಗುತ್ತದೆ?

ಇಂಥದ್ದು ನಡೆದೇ ಇಲ್ಲ ಎಂದೇನಲ್ಲ. ಬಿಹಾರದ ಮಧುಬನಿ ರೈಲು ನಿಲ್ದಾಣ ಹೊಲಸಿಗೆ ಹೆಸರಾಗಿತ್ತು. 2017ರಲ್ಲಿ ಅಲ್ಲಿನ ಸ್ಥಳೀಯ ಕಲಾವಿದರು ಗೋಡೆಗೋಡೆಗೂ ತಮ್ಮ ಊರಿನ ಶೈಲಿಯ ಚಿತ್ರ ಬರೆದರು. ನಿಲ್ದಾಣಕ್ಕೆ ದೇಶದಲ್ಲೆಲ್ಲ ಹೊಸ ಹೆಸರು ಬಂತು. ಆದರೆ ಆ ಕಲಾವಿದರು ಬರೆದದ್ದು ಶ್ರಮದಾನವಾಗಿ ಎಂಬುದನ್ನೂ ಮರೆಯಬಾರದು. ಕೀರ್ತಿ ನಿಲ್ದಾಣಕ್ಕೆ, ದುಡಿಮೆ ಕಲಾವಿದರದ್ದು. ದಾವಣಗೆರೆ ಕಲಿಯುವುದಾದರೆ ಮೊದಲರ್ಧ ಕಲಿಯಬೇಕು, ಎರಡನೇ ಅರ್ಧ ಬಿಡಬೇಕು.

ಯಾಕೆಂದರೆ ಎಳೆಯ ಕಲಾವಿದರಿಗೆ ಪುಕ್ಕಟೆ ಕೆಲಸ ಹೇಳುವುದು ಎಲ್ಲ ಊರಿನ ಹಳೇ ಚಾಳಿ. “ನಿನಗೂ ಹೆಸರು ಬರುತ್ತಲ್ಲಪ್ಪಾ, ಬರಿ” ಎನ್ನುತ್ತಾರೆ. ಎಲೆಕ್ಟ್ರಿಷಿಯನ್ನಿಗೆ ಹೀಗೆ ಹೇಳುತ್ತಾರೆಯೆ? ಪೆಂಡಾಲಿನವನಿಗೆ ಹೇಳುತ್ತಾರೆಯೆ? ಮೈಕಿನವನಿಗೆ ಅಡ್ವಾನ್ಸು ಕೊಟ್ಟು, ಗೋಡೆ ತುಂಬ ಚಿತ್ರ ಬರೆದವನಿಗೆ ಶಾಲು ಹೊದಿಸಿ ಕಳಿಸುವುದು ಯಾವ ನ್ಯಾಯ? ದಾವಣಗೆರೆ 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ಊರುಗಳ ಪಟ್ಟಿಗೆ ಸೇರಿತು. ಊರಿನ ಅಂದಕ್ಕೆ ಇನ್ನು ಮುಂದೆ ಯಾವ ಯೋಜನೆ ಬಂದರೂ, ಅದರಲ್ಲಿ ಗೋಡೆ ಬರೆಯುವವರ ಕೂಲಿಗೊಂದು ಸಾಲು ಇರಬೇಕು.

ಅಂಗಡಿಯವರು ಮಾಡಬಹುದಾದದ್ದು

ಎಲ್ಲವನ್ನೂ ಸರಕಾರವೇ ಮಾಡಲಿ ಎಂದು ಕೂತರೆ ಕೂತಿದ್ದೇ ಬಂತು. ಹಿಂದೆ ಅರಮನೆ ಇತ್ತು. ವರ್ಣಶಿಲ್ಪಿ ಕೆ. ವೆಂಕಟಪ್ಪ (1886-1965) ಮೈಸೂರು ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದರು. ಈಗ ಅರಮನೆ ಇಲ್ಲ. ಆ ಜಾಗದಲ್ಲಿ ಪೇಟೆ ನಿಲ್ಲಬೇಕು. ಒಬ್ಬ ಸಾಹುಕಾರ ಲಕ್ಷ ಕೊಡುವುದಕ್ಕಿಂತ ನೂರು ಅಂಗಡಿ ಐನೂರು ಐನೂರು ರೂಪಾಯಿ ಹಾಕುವುದು ಮೇಲು. ಲಕ್ಷ ಕೊಟ್ಟವನಿಗೆ ವೇದಿಕೆಯ ಮೇಲೆ ಕುರ್ಚಿ ಬೇಕಾಗುತ್ತದೆ. ಐನೂರು ಕೊಟ್ಟವನಿಗೆ ಒಂದು ಚಿತ್ರ ಕೊಟ್ಟರೆ ಸಾಕು.

ಕ್ಯಾಲೆಂಡರಿನ ಲೆಕ್ಕವನ್ನೇ ನೋಡಿ. ಪ್ರತಿ ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ದಿನಸಿ ಮಂಡಿ ವರ್ಷ ವರ್ಷ ಕ್ಯಾಲೆಂಡರು ಹಂಚುತ್ತದೆ. ಚಿತ್ರ ಎಲ್ಲಿಂದ? ಹೊರಗಿನ ಪ್ರೆಸ್ಸಿನ ಆಲ್ಬಮ್ಮಿನಿಂದ. ನಂಬರು ಹೇಳಿದರೆ ಅದೇ ಲಕ್ಷ್ಮಿ, ಅದೇ ಗಣಪತಿ, ಕೆಳಗೆ ಅಂಗಡಿ ಹೆಸರು. ಪಕ್ಕದ ಅಂಗಡಿಯ ಕ್ಯಾಲೆಂಡರಿನಲ್ಲೂ ಅದೇ ಲಕ್ಷ್ಮಿ. ಅದರ ಬದಲು ಊರಿನ ಹುಡುಗಿ ಬರೆದ ದುಗ್ಗಮ್ಮನ ಜಾತ್ರೆ, ಕುಂದುವಾಡ ಕೆರೆಯ ಸಂಜೆ, ಮಂಡಕ್ಕಿ ಭಟ್ಟಿಯ ಹೊಗೆ, ಅಡಿಕೆ ಸುಲಿಯುವ ಚನ್ನಗಿರಿಯ ಹೆಂಗಸರು ಇದ್ದರೆ ಆ ಕ್ಯಾಲೆಂಡರನ್ನು ಡಿಸೆಂಬರ್ ಮುಗಿದರೂ ಯಾರೂ ಕಿತ್ತು ಬಿಸಾಡುವುದಿಲ್ಲ. ಅಂಗಡಿಗೂ ಹೆಸರು, ಹುಡುಗಿಗೂ ನಾಲ್ಕು ಕಾಸು.

ಇಲ್ಲೊಂದು ಕಾನೂನಿನ ಮಾತು. ಚಿತ್ರ ಕೊಂಡುಕೊಂಡರೆ ಅದನ್ನು ಗೋಡೆಗೆ ಹಾಕಬಹುದು, ಆದರೆ ಸಾವಿರ ಪ್ರತಿ ಅಚ್ಚು ಹಾಕಿಸುವ ಹಕ್ಕು ತಾನಾಗಿ ಬರುವುದಿಲ್ಲ. 1957ರ ಕಾಪಿರೈಟ್ ಕಾಯಿದೆ ಪ್ರಕಾರ ಆ ಹಕ್ಕು ಸಾಮಾನ್ಯವಾಗಿ ಬರೆದವರಲ್ಲೇ ಉಳಿಯುತ್ತದೆ, ವರ್ಗಾಯಿಸಬೇಕಾದರೆ ಬರವಣಿಗೆಯಲ್ಲಿ ಆಗಬೇಕು. ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರದ ಲೆಕ್ಕ ಬೇರೆ. ಅಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ಹಕ್ಕು ಬರೆಸಿದವನಿಗೆ ಹೋಗುತ್ತದೆ. ಆದ್ದರಿಂದ ಎರಡು ಕಡೆಯವರೂ ಅರ್ಧ ಹಾಳೆಯಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಿಕೊಳ್ಳುವುದು ಕ್ಷೇಮ. ಎಷ್ಟು ಪ್ರತಿ, ಎಷ್ಟು ದುಡ್ಡು, ಚಿತ್ರದ ಕೆಳಗೆ ಯಾರ ಹೆಸರು, ಅಷ್ಟೇ. ಚಿಕ್ಕ ಮಕ್ಕಳಾದರೆ ತಂದೆಯೋ ತಾಯಿಯೋ ಸಹಿ ಹಾಕಬೇಕು.

ಇನ್ನು ಅಂಗಡಿಯ ಗೋಡೆ. ಹೋಟೆಲುಗಳಲ್ಲಿ, ಡಾಕ್ಟರ ಶಾಪಿನಲ್ಲಿ, ಬ್ಯಾಂಕಿನಲ್ಲಿ, ಕಟಿಂಗ್ ಶಾಪಿನಲ್ಲಿ ಜನ ಕಾಯುತ್ತಾ ಕೂರುತ್ತಾರೆ. ಒಂದೊಂದು ಕಡೆ ಎರಡೆರಡು ಚಿತ್ರ, ಕೆಳಗೆ ಹೆಸರು, ಊರು, ಬೆಲೆ. ಮಾರಾಟವಾದರೆ ಪೂರ್ತಿ ದುಡ್ಡು ಬರೆದವರಿಗೆ. ದೊಡ್ಡ ಊರಿನ ಗ್ಯಾಲರಿಗಳು ಮಾರಾಟದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಮಿಷನ್ ಹಿಡಿಯುವುದುಂಟು. ಬೆಣ್ಣೆ ದೋಸೆ ಹೋಟೆಲಿನವನಿಗೆ ಕಮಿಷನ್ ಬೇಡ, ಚಿತ್ರ ನೋಡುತ್ತ ಗಿರಾಕಿ ಇನ್ನೊಂದು ಕಾಫಿ ಹೇಳಿದರೆ ಅವನಿಗೆ ಅದೇ ಲಾಭ.

ದೊಡ್ಡ ಕಂಪನಿಗಳಿಗೂ ದಾರಿ ಇದೆ. 2013ರ ಕಂಪನಿ ಕಾಯಿದೆಯಲ್ಲಿ ಸಾಮಾಜಿಕ ಹೊಣೆಗೆ ಖರ್ಚು ಮಾಡಬಹುದಾದ ಬಾಬುಗಳ ಪಟ್ಟಿಯಲ್ಲಿ ಕಲೆ, ಸಂಸ್ಕೃತಿಯೂ ಸೇರಿದೆ. ಕೇಳುವವರು ಬೇಕು.

“ನಮ್ಮ ಹುಡುಗರದ್ದು ಅಷ್ಟು ಚೆನ್ನಾಗಿರಲ್ಲ ಕಣ್ರೀ”

ಈ ಮಾತು ಬಂದೇ ಬರುತ್ತದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಯಾವ ಸ್ಪರ್ಧೆಗೆ ಹೋದರೂ ಎರಡು ಬೆಟ್ಟ, ನಡುವೆ ಸೂರ್ಯ, ಒಂದು ನದಿ, ಒಂದು ತೆಂಗಿನಮರ. ಇಲ್ಲವೇ ಮೊಬೈಲಿನಲ್ಲಿ ನೋಡಿ ಇಳಿಸಿದ ಸಿನಿಮಾ ಹೀರೋ. ಆದರೆ ತಪ್ಪು ಯಾರದು? ಎರಡು ಗಂಟೆಯಲ್ಲಿ ಮುಗಿಸಿ ಬಹುಮಾನ ಹೊಡೆಯಬೇಕು ಎಂದಾಗ ಮಗು ಬಾಯಿಪಾಠದ ಚಿತ್ರವನ್ನೇ ಬರೆಯುತ್ತದೆ. ಪ್ರತಿಭಾ ಕಾರಂಜಿಯಂಥ ಒಳ್ಳೆಯ ಯೋಜನೆಯಲ್ಲೂ ಕಡೆಗೆ ಉಳಿಯುವುದು ಒಂದನೇ ಸ್ಥಾನ, ಎರಡನೇ ಸ್ಥಾನ. ಬಹಳಷ್ಟು ಸರಕಾರಿ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರೇ ಇಲ್ಲ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಕಟ್ಟುವ ಮಕ್ಕಳಿಗೆ ಹೇಳಿಕೊಡುವವರನ್ನು ಹುಡುಕಿಕೊಂಡು ಊರೂರು ಅಲೆಯುವ ಪಾಡು.

ಪ್ರದರ್ಶನದ ಲಾಭ ಇಲ್ಲೇ ಇರುವುದು. ತನ್ನ ಚಿತ್ರವನ್ನು ಬೀದಿಯ ಜನ ನೋಡುತ್ತಾರೆ ಎಂದು ಗೊತ್ತಾದಾಗ ಮಗು ಬೇರೆ ರೀತಿ ಬರೆಯುತ್ತದೆ. ಎಮ್ಮೆ ಬರೆದರೆ ಎಮ್ಮೆ ಸಾಕಿದವನೇ ಬಂದು “ಕೋಡು ಹಿಂಗಿರಲ್ಲ ತಮ್ಮಾ” ಅನ್ನುತ್ತಾನೆ. ಎತ್ತಿನ ಗಾಡಿ ಬರೆದರೆ ಗಾಡಿ ಹೊಡೆದವನು ನೊಗದ ತಪ್ಪು ಹೇಳುತ್ತಾನೆ. ಯಾವ ತೀರ್ಪುಗಾರನೂ ಕಲಿಸದ ಪಾಠ ಅದು. ಮುಂದಿನ ಸಲ ಆ ಮಗು ಕಣ್ಣು ಬಿಟ್ಟು ನೋಡಿ ಬರೆಯುತ್ತದೆ. ಸೋತವರು, ಗೆದ್ದವರು ಎಂಬ ಭೇದವೂ ಇರುವುದಿಲ್ಲ. ಗೋಡೆಯ ಮೇಲೆ ಎಲ್ಲರೂ ಒಂದೇ ಸಾಲು.

ಎಲ್ಲ ಮಕ್ಕಳೂ ಕಲಾವಿದರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ವ್ಯಂಗ್ಯಚಿತ್ರಕಾರ ಶಂಕರ್ 1949ರಲ್ಲಿ ದೆಹಲಿಯಲ್ಲಿ ಮಕ್ಕಳ ಚಿತ್ರ ಸ್ಪರ್ಧೆ ಶುರು ಮಾಡಿದರು. ಅದು ಮುಂದೆ ಹೊರದೇಶದ ಮಕ್ಕಳ ತನಕ ಬೆಳೆಯಿತು. ಅದಕ್ಕೆ ಚಿತ್ರ ಕಳಿಸಿದ ಮಕ್ಕಳಲ್ಲಿ ಕುಂಚ ಹಿಡಿದು ಬದುಕಿದವರು ಕೆಲವೇ ಮಂದಿ ಇರಬಹುದು. ಉಳಿದವರು ನೋಡುವವರಾದರು, ಕೊಳ್ಳುವವರಾದರು. ಒಂದು ಊರಿಗೆ ಅವರೂ ಬೇಕು.

ಮಾಡುವುದಾದರೆ ಹೀಗೆ

ದೊಡ್ಡ ಸಮಿತಿ ಬೇಡ. ಸಮಿತಿ ದೊಡ್ಡದಾದಷ್ಟೂ ಊಟದ ಖರ್ಚು ದೊಡ್ಡದು. ಪೇಟೆಯ ಐದು ಜನ ವರ್ತಕರು, ಕಲಾ ಕಾಲೇಜಿನ ಇಬ್ಬರು ಮೇಷ್ಟ್ರು, ನಿಲ್ದಾಣದ ಅಧಿಕಾರಿಯ ಒಂದು ಅನುಮತಿ ಪತ್ರ. ತಿಂಗಳಲ್ಲಿ ಒಂದು ಭಾನುವಾರ ಹೈಸ್ಕೂಲ್ ಮೈದಾನದ ಬದಿಯಲ್ಲೋ ಜಯದೇವ ವೃತ್ತದ ಹತ್ತಿರವೋ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪು ಹಾಕಿ ಚಿತ್ರ ತೂಗು ಹಾಕಬಹುದು. ಗಾಜಿನ ಫ್ರೇಮು ಕಡ್ಡಾಯ ಮಾಡಬಾರದು. ಫ್ರೇಮಿನ ಖರ್ಚಿಗೆ ಹೆದರಿ ಬಡವರ ಮಕ್ಕಳು ಹಿಂದೆ ಸರಿಯುತ್ತಾರೆ. ರಟ್ಟಿಗೆ ಅಂಟಿಸಿದರೆ ಸಾಕು. ಬೆಲೆ ಮೊದಲೇ ಬರೆದಿರಬೇಕು. ಮಾರಿದ ದುಡ್ಡು ಅಂದೇ ಸಂಜೆ ಕೈಗೆ ಸೇರಬೇಕು. ಉದ್ಘಾಟನೆ ಭಾಷಣ ಹತ್ತು ನಿಮಿಷ ಮೀರಬಾರದು. ಇದು ಎಲ್ಲಕ್ಕಿಂತ ಕಷ್ಟದ ನಿಯಮ.

ಮುಖ್ಯವಾಗಿ, ಒಂದು ವರ್ಷ ಮಾಡಿ ಬಿಡಬಾರದು. ಈ ಊರಿನಲ್ಲಿ ಶುರುವಾದ ಒಳ್ಳೆಯ ಕೆಲಸಗಳ ಲೆಕ್ಕ ದೊಡ್ಡದು, ಮೂರನೇ ವರ್ಷ ಕಂಡವುಗಳ ಲೆಕ್ಕ ಸಣ್ಣದು. ಮೊದಲ ಸಂತೆಯಲ್ಲಿ ಎರಡೇ ಚಿತ್ರ ಹೋಗಬಹುದು, ಜನ ಬಂದು ನೋಡಿ ನಕ್ಕು ಹೋಗಬಹುದು. ಆರು ತಿಂಗಳು ತಾಳ್ಮೆಯಿಂದ ನಡೆಸಿದರೆ “ಈ ಭಾನುವಾರ ಚಿತ್ರ ಐತಲ್ಲ, ಹೋಗಿ ಬರೋಣ” ಎಂದು ಜನ ತಾವಾಗಿ ಹೊರಡುತ್ತಾರೆ.

ಮುಂದಿನ ವರ್ಷದ ಕ್ಯಾಲೆಂಡರಿಗೆ ಆಲ್ಬಮ್ಮು ಹಿಡಿದು ಏಜೆಂಟರು ಅಂಗಡಿಗಳಿಗೆ ಬರುತ್ತಾರೆ. ನಂಬರು ಹೇಳುವ ಮೊದಲು ವರ್ತಕರು ಕಲಾ ಕಾಲೇಜಿನ ಕಡೆ ಒಮ್ಮೆ ಹೋಗಿ ಬರಲಿ. ಚಿತ್ರ ಹಿಡಿಸದಿದ್ದರೆ ಬೇಡ. ಹಿಡಿಸಿದರೆ ಅಡ್ವಾನ್ಸು ಕೊಟ್ಟು ಬರಲಿ.